ಟ್ರ್ಯಾಕ್ಟರಿನ ಟಯರು ಮತ್ತು ನೆಲದ ಹಿಡಿತ

ಕೊಪ್ಪಳ ಜಿಲ್ಲೆಯ ಟ್ರ್ಯಾಕ್ಟರಿಗೆ ಎರಡು ಬಗೆಯ ದುಡಿಮೆ. ಗಂಗಾವತಿಯ ಗದ್ದೆಯಲ್ಲಿ ಕೆಸರು ಕಲಸಿದ ಯಂತ್ರವೇ ಸುಗ್ಗಿಯ ದಿನಗಳಲ್ಲಿ ಭತ್ತದ ಚೀಲಗಳನ್ನು ಹೇರಿದ ಟ್ರೇಲರನ್ನು ಕಟ್ಟಿಕೊಂಡು ಡಾಂಬರು ರಸ್ತೆಯ ಮೇಲೆ ಅಕ್ಕಿ ಗಿರಣಿಗೆ ಓಡುತ್ತದೆ. ಕುಷ್ಟಗಿಯ ಒಣ ಹೊಲದಲ್ಲಿ ನೇಗಿಲನ್ನು ನಿರಾಯಾಸವಾಗಿ ಎಳೆದ ಯಂತ್ರವು, ದೊಡ್ಡ ಮಳೆ ಬಿದ್ದ ಮರುದಿನ ಅದೇ ಹೊಲದಲ್ಲಿ ಅದೇ ನೇಗಿಲನ್ನು ಎಳೆಯಲಾರದೆ, ಗಾಲಿಗಳನ್ನು ಸುಮ್ಮನೆ ತಿರುಗಿಸುತ್ತ ನಿಂತುಬಿಡುವುದೂ ಉಂಟು. ಎಂಜಿನ್ ಅದೇ, ಚಾಲಕನೂ ಅವನೇ, ಟಯರೂ ಅದೇ; ಬದಲಾದದ್ದು ನೆಲದ ಸ್ಥಿತಿ ಮಾತ್ರ. ಹಾಗಾದರೆ ಗಾಲಿಗೂ ನೆಲಕ್ಕೂ ಇರುವ ಸಂಬಂಧವೇನು? ಎರಡು ನೆಲಗಳಲ್ಲಿ ದುಡಿಯಬೇಕಾದ ವಾಹನಕ್ಕೆ ಎಂತಹ ಟಯರನ್ನು ಆರಿಸಬೇಕು? ಈ ಪ್ರಶ್ನೆಗಳ ಉತ್ತರದಲ್ಲಿ ರೈತನ ಡೀಸೆಲಿನ ಖರ್ಚು ಅಡಗಿದೆ; ಕೆಲವೊಮ್ಮೆ ಚಾಲಕನ ಪ್ರಾಣವೂ ಅಡಗಿದೆ.

ಒಂದು ಜಿಲ್ಲೆ, ಮೂರು ನೆಲ

1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾದ ಕೊಪ್ಪಳದಲ್ಲಿ ಟಯರನ್ನು ಪರೀಕ್ಷಿಸಲು ಬೇಕಾದ ಎಲ್ಲ ನೆಲಗಳೂ ಇವೆ. ಮುನಿರಾಬಾದಿನ ಬಳಿ ತುಂಗಭದ್ರೆಗೆ ಕಟ್ಟಿದ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗಳಿಗೆ ನೀರು ಬಿಡತೊಡಗಿದ ಮೇಲೆ, ಎಡದಂಡೆ ಕಾಲುವೆಯ ಕೆಳಗಿನ ಗಂಗಾವತಿಯ ಪ್ರದೇಶವು ಭತ್ತದ ನಾಡಾಯಿತು. ಅಲ್ಲಿ ನಾಟಿಗೆ ಮುಂಚೆ ಗದ್ದೆಯಲ್ಲಿ ನೀರು ನಿಲ್ಲಿಸಿ, ಮಣ್ಣನ್ನು ಗಂಜಿಯಂತೆ ಕಲಸಬೇಕು. ಉತ್ತರದ ಕುಷ್ಟಗಿ, ಯಲಬುರ್ಗಾಗಳಲ್ಲಿ ಹೆಚ್ಚಿನ ಬೇಸಾಯವು ಮಳೆಯನ್ನೇ ನಂಬಿದ್ದು, ಹೊಲಗಳು ಮಸಾರಿ ಮತ್ತು ಎರೆ ಎಂದು ಎರಡು ತೆರನಾಗಿವೆ. ಮರಳು ಬೆರೆತ ಕೆಂಪು ಮಸಾರಿಯು ಮಳೆಯ ನೀರನ್ನು ಬೇಗನೆ ಇಳಿಸಿಕೊಳ್ಳುತ್ತದೆ. ಕಪ್ಪು ಎರೆಯಲ್ಲಿ ಮಾಂಟ್‌ಮೊರಿಲೊನೈಟ್ ಜಾತಿಯ ಜೇಡಿಯು ಹೇರಳವಾಗಿದೆ. ಇದರ ಸೂಕ್ಷ್ಮ ಪದರಗಳ ನಡುವೆ ನೀರು ಸೇರಿದಾಗ ಮಣ್ಣು ಉಬ್ಬುತ್ತದೆ. ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಒಣಗಿದ ಎರೆ ಕಲ್ಲಿನಂತೆ, ನೆನೆದ ಎರೆ ಸಾಬೂನಿನಂತೆ.

ಎಂಜಿನಿನ ಬಲ, ನೆಲದ ಮಿತಿ

ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡೋಣ. 45 ಅಶ್ವಶಕ್ತಿಯ ಟ್ರ್ಯಾಕ್ಟರು ಗಂಟೆಗೆ 5 ಕಿಲೋಮೀಟರು ವೇಗದಲ್ಲಿ ಉಳುತ್ತಿದೆ ಎನ್ನೋಣ. ಗೇರುಗಳಲ್ಲಿಯೂ ಇತರೆಡೆಯೂ ಐದರಲ್ಲಿ ಒಂದು ಪಾಲು ಶಕ್ತಿ ವ್ಯಯವಾಯಿತೆಂದು ಹಿಡಿದರೂ, ಗಾಲಿಯ ಅಂಚಿನಲ್ಲಿ ಸುಮಾರು 1,970 ಕಿಲೋಗ್ರಾಂ ತೂಕಕ್ಕೆ ಸಮನಾದ ತಳ್ಳುವ ಬಲ ದೊರೆಯಬೇಕು. ಆದರೆ ಈ ಬಲವನ್ನು ನೆಲವು ತಡೆದುಕೊಂಡರೆ ಮಾತ್ರ ಯಂತ್ರವು ಮುಂದೆ ಸಾಗುವುದಷ್ಟೆ. ಟ್ರ್ಯಾಕ್ಟರಿನ ತೂಕ 2,000 ಕಿಲೋಗ್ರಾಂ ಇದ್ದು, ಅದರಲ್ಲಿ ನೂರಕ್ಕೆ 65 ಪಾಲು ಹಿಂದಿನ ಗಾಲಿಗಳ ಮೇಲೆ ಬಿದ್ದರೆ, ನೆಲವನ್ನು ಒತ್ತುವ ತೂಕ 1,300 ಕಿಲೋಗ್ರಾಂ. ಒಣ ಕಾಂಕ್ರೀಟಿನಲ್ಲಿ ಇದರ ಹತ್ತರಲ್ಲಿ ಎಂಟು ಪಾಲು, ಗಟ್ಟಿ ಹೊಲದಲ್ಲಿ ಅರ್ಧ, ಕೆಸರಿನಲ್ಲಿ ಹತ್ತರಲ್ಲಿ ಮೂರು ಅಥವಾ ಇನ್ನೂ ಕಡಿಮೆ ಪಾಲು ಹಿಡಿತವಾಗಿ ದೊರೆಯುತ್ತದೆಂದು ಸ್ಥೂಲವಾಗಿ ಹೇಳಬಹುದು. ಅಂದರೆ ಅನುಕ್ರಮವಾಗಿ 1,040, 650 ಮತ್ತು 390 ಕಿಲೋಗ್ರಾಂ. ಎಂಜಿನ್ ಕೊಡಬಲ್ಲ 1,970ರೊಡನೆ ಇವನ್ನು ಹೋಲಿಸಿರಿ. ಕೊರತೆ ಇರುವುದು ಎಂಜಿನಿನಲ್ಲಲ್ಲ, ಅಂಗೈಯಗಲದ ಕೆಲವು ಗುರುತುಗಳಲ್ಲಿ ಟಯರು ನೆಲವನ್ನು ಮುಟ್ಟುವ ಜಾಗದಲ್ಲಿ. ಹೀಗಿರುವಾಗ ಹೆಚ್ಚಿನ ಅಶ್ವಶಕ್ತಿಯ ಯಂತ್ರವನ್ನು ಕೊಂಡ ಮಾತ್ರಕ್ಕೆ ಕೆಸರಿನ ತೊಂದರೆ ತಪ್ಪದು.

ಪಂದ್ಯದ ಕಾರಿನ ಪಾಠ

ಇದೇ ಸಮಸ್ಯೆಯನ್ನು ಬೇರೊಂದು ಲೋಕದವರೂ ಎದುರಿಸುತ್ತಾರೆ. ಡ್ರ್ಯಾಗ್ ರೇಸ್ ಎಂಬ ಪಂದ್ಯದಲ್ಲಿ ಕಾರುಗಳು ನಿಂತಲ್ಲಿಂದ ಹೊರಟು ನೇರವಾದ ಹಾದಿಯಲ್ಲಿ, ಸಾಂಪ್ರದಾಯಿಕವಾಗಿ ಕಾಲು ಮೈಲಿ, ಎಂದರೆ 402 ಮೀಟರು, ಓಡುತ್ತವೆ. ಹೊರಡುವ ಕ್ಷಣದಲ್ಲಿ ಗಾಲಿ ಜಾರಿದರೆ ಪಂದ್ಯ ಕೈಬಿಟ್ಟಂತೆಯೇ. ಆದುದರಿಂದ ಈ ಕಾರುಗಳಿಗೆ ಮೆತ್ತನೆಯ ರಬ್ಬರಿನ, ಗೀರುಗಳೇ ಇಲ್ಲದ ನುಣುಪು ಟಯರನ್ನು ಹಾಕಿ, ಗಾಳಿಯನ್ನು ಕಡಿಮೆ ತುಂಬಿ, ಹೊರಡುವ ಮುನ್ನ ಗಾಲಿಯನ್ನು ನಿಂತಲ್ಲೇ ತಿರುಗಿಸಿ ಬಿಸಿ ಮಾಡುತ್ತಾರೆ. ಬಿಸಿಯಾದ ಮೆತ್ತನೆಯ ರಬ್ಬರು ಹಾದಿಯ ಸೂಕ್ಷ್ಮವಾದ ತಗ್ಗುದಿಣ್ಣೆಗಳೊಳಗೆ ಇಳಿದು ಅಂಟಿಕೊಳ್ಳುತ್ತದೆ. ಆದರೆ ದಿನಬಳಕೆಯ ಕಾರಿಗೆ ಇದೇ ಟಯರನ್ನು ಹಾಕಿದರೆ ಅದು ಬೇಗನೆ ಸವೆಯುತ್ತದೆ. ಮಳೆಯಲ್ಲಿ ನೀರು ಹರಿದುಹೋಗಲು ಗೀರುಗಳಿಲ್ಲದೆ ನೀರಿನ ಮೇಲೆ ತೇಲಿ, ಹಿಡಿತವನ್ನು ಪೂರ್ತಿಯಾಗಿ ಕಳೆದುಕೊಳ್ಳುತ್ತದೆ. ಎರಡಕ್ಕೂ ಒಂದೇ ಕಾರನ್ನು ಬಳಸುವವರು ಅಲ್ಪಸ್ವಲ್ಪ ಗೀರುಗಳುಳ್ಳ ಮೆತ್ತನೆಯ ರೇಡಿಯಲ್ ಟಯರಿನಿಂದ ತೃಪ್ತರಾಗಬೇಕು.

ಟ್ರ್ಯಾಕ್ಟರಿಗೂ ಪಂದ್ಯಕ್ಕೂ ಹಳೆಯ ನಂಟೊಂದಿದೆ. 1888ರಲ್ಲಿ ಡನ್‌ಲಪ್ ಗಾಳಿಯ ಟಯರನ್ನು ಬಳಕೆಗೆ ತಂದ ಬಹುಕಾಲದ ನಂತರವೂ ಟ್ರ್ಯಾಕ್ಟರುಗಳು ಉಕ್ಕಿನ ಗಾಲಿಯ ಮೇಲೆಯೇ ನಡೆಯುತ್ತಿದ್ದವು. ಅಮೆರಿಕೆಯ ಆಲಿಸ್-ಚಾಮರ್ಸ್ ಕಂಪೆನಿಯು 1932ರಲ್ಲಿ ಗಾಳಿಯ ಟಯರುಳ್ಳ ಟ್ರ್ಯಾಕ್ಟರನ್ನು ಮಾರಾಟಕ್ಕೆ ತಂದಾಗ ರೈತರು ಸಂಶಯಪಟ್ಟರು. ಅವರ ಸಂಶಯವನ್ನು ಕಳೆಯಲು ಕಂಪೆನಿಯು ಹೆಸರಾಂತ ಪಂದ್ಯದ ಚಾಲಕ ಬಾರ್ನಿ ಓಲ್ಡ್‌ಫೀಲ್ಡನನ್ನು ಟ್ರ್ಯಾಕ್ಟರಿನ ಮೇಲೆ ಕೂರಿಸಿತು. 1933ರಲ್ಲಿ ಆತ ಅದನ್ನು ಗಂಟೆಗೆ ನೂರು ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಓಡಿಸಿದನು.

ಮಣ್ಣು ಹರಿಯುವ ಬಗೆ

ರಸ್ತೆಯ ಮೇಲೆ ಜಾರುವುದು ರಬ್ಬರು. ಹೊಲದಲ್ಲಿ ಹರಿದುಹೋಗುವುದು ಮಣ್ಣು. ಟಯರಿನ ಉಬ್ಬುಪಟ್ಟಿಗಳ ನಡುವೆ ಸಿಕ್ಕ ಮಣ್ಣಿನ ಹೆಂಟೆಯು ಕೆಳಗಿನ ಮಣ್ಣಿನಿಂದ ಕಿತ್ತುಬಂದಾಗ ಗಾಲಿ ಸುತ್ತತೊಡಗುತ್ತದೆ. ಮಣ್ಣಿನ ಈ ತಾಳಿಕೆಗೆ ಎರಡು ಮೂಲಗಳಿವೆಯೆಂದು 18ನೆಯ ಶತಮಾನದ ಫ್ರೆಂಚ್ ಎಂಜಿನಿಯರ್ ಕೂಲಂಬ್ ತೋರಿಸಿಕೊಟ್ಟನು. ಒಂದು, ಕಣಗಳ ನಡುವಿನ ಘರ್ಷಣೆ. ಇದು ಮೇಲಿನ ತೂಕ ಹೆಚ್ಚಿದಂತೆ ಹೆಚ್ಚುತ್ತದೆ. ಇನ್ನೊಂದು, ಕಣಗಳ ಅಂಟು. ಇದಕ್ಕೆ ತೂಕದ ಹಂಗಿಲ್ಲ, ಮಣ್ಣನ್ನು ಹಿಡಿದ ಜಾಗದ ವಿಸ್ತಾರವೇ ಮುಖ್ಯ.

ನಮ್ಮ ಹೊಲಗಳಿಗೆ ಈ ನಿಯಮವನ್ನು ಅನ್ವಯಿಸಿದರೆ ಆಯ್ಕೆಯ ದಾರಿ ತಾನಾಗಿ ಕಾಣುತ್ತದೆ. ಮರಳುಳ್ಳ ಮಸಾರಿಯಲ್ಲಿ ಘರ್ಷಣೆಯದೇ ಮೇಲುಗೈ. ಹಿಂದಿನ ಗಾಲಿಗಳಿಗೆ ತೂಕವನ್ನು ಸೇರಿಸಿದರೆ ಹಿಡಿತ ಹೆಚ್ಚುತ್ತದೆ. ಹಸಿ ಎರೆಯಲ್ಲಿ ತೂಕವನ್ನು ಹೇರಿದರೆ ಹಿಡಿತ ಅಷ್ಟಾಗಿ ಹೆಚ್ಚದು. ಗಾಲಿ ಮತ್ತಷ್ಟು ಹೂತು, ಕೆಳಗಿನ ಮಣ್ಣು ಬಿಗಿದುಹೋಗುತ್ತದೆ. ಅಲ್ಲಿ ಅಗಲವಾದ ಟಯರು ಮತ್ತು ಕಡಿಮೆ ಗಾಳಿ ಮೇಲು. ನೆಲವು ಹದಕ್ಕೆ ಬರುವವರೆಗೆ ಎರಡು ದಿನ ಕಾಯುವುದು ಎಲ್ಲಕ್ಕಿಂತ ಮೇಲು. ಎರೆಹೊಲದ ಒಕ್ಕಲಿಗರು ಹದ ನೋಡಿ ರಂಟೆ ಹೂಡುವ ಪದ್ಧತಿಗೆ ಇದೇ ಆಧಾರ.

ಟಯರುಗಳ ಬಗೆ

ಟ್ರ್ಯಾಕ್ಟರಿನ ಹಿಂದಿನ ಟಯರುಗಳಲ್ಲಿ ಸಾಮಾನ್ಯವಾದದ್ದು ಆರ್-1 ಗುರುತಿನದು. ರಸ್ತೆ, ಹೊಲ ಎರಡಕ್ಕೂ ಸಲ್ಲುವ ಮಧ್ಯಮ ಎತ್ತರದ ಉಬ್ಬುಪಟ್ಟಿಗಳು ಇದಕ್ಕಿವೆ. ಆರ್-2 ಎಂಬುದು ಭತ್ತ ಮತ್ತು ಕಬ್ಬಿನ ಗದ್ದೆಗೆಂದೇ ಮಾಡಿದ್ದು. ಇದರ ಪಟ್ಟಿಗಳು ಆರ್-1ರ ಪಟ್ಟಿಗಳಿಗಿಂತ ಸುಮಾರು ಇಮ್ಮಡಿ ಎತ್ತರ. ವರ್ಷ ವರ್ಷ ಕೆಸರು ಕಲಸಿದ ಗದ್ದೆಯ ತಳದಲ್ಲಿ ಗಟ್ಟಿಯಾದ ಪದರವೊಂದು ಕಟ್ಟಿಕೊಂಡಿರುತ್ತದೆ. ಎತ್ತರದ ಪಟ್ಟಿಯು ಮೇಲಿನ ಗಂಜಿಯನ್ನು ಸೀಳಿ ಈ ಪದರವನ್ನು ಮುಟ್ಟಲು ಯತ್ನಿಸುತ್ತದೆ. ಆದರೆ ಡಾಂಬರಿನ ಮೇಲೆ ಇದೇ ಎತ್ತರದ ಪಟ್ಟಿಗಳು ಬಾಗಿ, ತಿಕ್ಕಿ, ಶೀಘ್ರವಾಗಿ ಸವೆಯುತ್ತವೆ. ಪಂದ್ಯದ ಟಯರು ಪೇಟೆಯ ಬೀದಿಯಲ್ಲಿ ಸವೆದಂತೆಯೇ ಇದೂ ಸರಿ.

ಯಾವ ಟಯರೇ ಆಗಲಿ, ಪಾರ್ಶ್ವದಲ್ಲಿರುವ ಬಾಣದ ಗುರುತನ್ನು ನೋಡಿ ಜೋಡಿಸಬೇಕು. ಪಟ್ಟಿಗಳು ಕೂಡುವ ಮೂಲೆ ಮೊದಲು ನೆಲವನ್ನು ಮುಟ್ಟಿ, ತೋಳುಗಳು ಅನಂತರ ಮುಟ್ಟಿದರೆ ಮಣ್ಣು ಹೊರಕ್ಕೆ ತಳ್ಳಲ್ಪಟ್ಟು ಟಯರು ತನ್ನನ್ನು ತಾನೇ ಶುಚಿಮಾಡಿಕೊಳ್ಳುತ್ತದೆ. ತಿರುಗಾಮುರುಗಾ ಜೋಡಿಸಿದರೆ ಪಟ್ಟಿಗಳ ನಡುವೆ ಕೆಸರು ಮೆತ್ತಿ, ಟಯರು ನುಣುಪಾದ ಉರುಳೆಯಾಗಿಬಿಡುತ್ತದೆ.

ಆಳವಾದ ಕೆಸರಿಗೆ ಕೇಜ್ ವೀಲ್ ಎಂಬ ಕಬ್ಬಿಣದ ಪಂಜರಗಾಲಿಯುಂಟು. ಟಯರಿನ ಬದಲಿಗೆ ಇಲ್ಲವೇ ಅದರ ಪಕ್ಕಕ್ಕೆ ಇದನ್ನು ಜೋಡಿಸುತ್ತಾರೆ. ಅಗಲವಾದ ಇದರ ಅಲಗುಗಳು ಯಂತ್ರವನ್ನು ಹೂಳದಂತೆ ಹೊತ್ತು, ಜೊತೆಗೆ ಮಣ್ಣನ್ನೂ ಕಲಸುತ್ತವೆ. ಗದ್ದೆಯಲ್ಲಿ ಇಷ್ಟು ಉಪಕಾರಿಯಾದ ಈ ಗಾಲಿಯು ರಸ್ತೆಯನ್ನು ಕಂಡೊಡನೆ ಅಪಕಾರಿಯಾಗುತ್ತದೆ. ಯಂತ್ರದ ತೂಕವೆಲ್ಲ ಒಂದೆರಡು ಅಲಗುಗಳ ಕಿರಿದಾದ ಅಂಚಿನ ಮೇಲೆ ಬಿದ್ದು ಡಾಂಬರು ಕತ್ತರಿಸಿಹೋಗುತ್ತದೆ. ಆ ಗಾಯದಲ್ಲಿ ನೀರು ಇಳಿದು ಮಳೆಗಾಲ ಮುಗಿಯುವುದರೊಳಗೆ ರಸ್ತೆ ಹೊಂಡವಾಗುತ್ತದೆ. ಅದನ್ನು ಕಳಚಿ ಟ್ರೇಲರಿನಲ್ಲಿ ಹೇರಿಕೊಂಡು ಹೋಗಲು ತಗಲುವ ಅರ್ಧ ಗಂಟೆಯು, ಊರಿನ ರಸ್ತೆಯ ಬೆಲೆಗೆ ಹೋಲಿಸಿದರೆ ಅತ್ಯಲ್ಪ.

ಗಾಳಿ, ನೀರು ಮತ್ತು ಸುಣ್ಣದ ಗೆರೆ

ಟಯರನ್ನು ಕೊಂಡ ಮೇಲೂ ರೈತನ ಕೈಯಲ್ಲಿ ಮೂರು ಉಪಾಯಗಳಿವೆ. ಮೊದಲನೆಯದು ಗಾಳಿ. ಕಾರಿನ ಟಯರಿಗೆ ಚದರ ಅಂಗುಲಕ್ಕೆ ಸುಮಾರು 30 ಪೌಂಡು ಒತ್ತಡ ಬೇಕಾದರೆ, ಉಳುವ ಟ್ರ್ಯಾಕ್ಟರಿನ ಹಿಂದಿನ ಟಯರಿಗೆ ಅದರ ಅರ್ಧದಷ್ಟು ಸಾಕಾಗುವುದು ಸಾಮಾನ್ಯ. ಹೊರೆ ಸಾಗಿಸುವಾಗ ಅದನ್ನು ಹೆಚ್ಚಿಸಬೇಕು. ನಿಖರವಾದ ಅಂಕಿಯನ್ನು ಯಂತ್ರದ ಕೈಪಿಡಿಯಲ್ಲಿ ನೋಡಿಕೊಳ್ಳತಕ್ಕದ್ದು. ಎರಡನೆಯದು ನೀರು. ಹಿಂದಿನ ಟ್ಯೂಬಿಗೆ ಮುಕ್ಕಾಲು ಭಾಗ ನೀರು ತುಂಬಿದರೆ ಕಾಸು ಖರ್ಚಿಲ್ಲದೆ ತೂಕ ಹೆಚ್ಚುತ್ತದೆ. ಉಳಿದ ಕಾಲುಭಾಗದ ಗಾಳಿಯು ಕುಲುಕಾಟವನ್ನು ತಾಳಿಕೊಳ್ಳುತ್ತದೆ. ಮಸಾರಿ ಹೊಲಕ್ಕೆ ಇದು ಒಳ್ಳೆಯ ಉಪಾಯ.

ಮೂರನೆಯದು ಜಾರಾಟದ ಅಳತೆ. ಹಿಂದಿನ ಗಾಲಿಯ ಪಾರ್ಶ್ವಕ್ಕೆ ಸುಣ್ಣದ ಗೆರೆಯನ್ನು ಎಳೆದು, ನೇಗಿಲನ್ನು ಮೇಲೆತ್ತಿ, ಗಾಲಿ 10 ಸುತ್ತು ತಿರುಗುವಷ್ಟು ದೂರ ಹೋಗಿ ಅಳೆಯಿರಿ. ಅದು 40 ಮೀಟರು ಆಯಿತೆನ್ನೋಣ. ಬಳಿಕ ಅದೇ ಹೊಲದಲ್ಲಿ ನೇಗಿಲನ್ನು ಇಳಿಸಿ ಉಳುತ್ತ 10 ಸುತ್ತು ಅಳೆಯಿರಿ. 35 ಮೀಟರು ಬಂದರೆ ಜಾರಾಟ ನೂರಕ್ಕೆ 12½. ನೂರಕ್ಕೆ 8ರಿಂದ 15ರ ನಡುವಿನ ಜಾರಾಟವು ಹೊಲದಲ್ಲಿ ಸಹಜವಾದದ್ದು, ಹಿತವಾದದ್ದು. 30 ಮೀಟರು ಮಾತ್ರ ಬಂದರೆ ಗಾಲಿಗೆ ಬಂದ ಶಕ್ತಿಯಲ್ಲಿ ಕಾಲುಭಾಗವು ಮಣ್ಣನ್ನು ಕೆರೆಯುವುದರಲ್ಲಿಯೇ ವ್ಯರ್ಥವಾಯಿತೆಂದು ತಿಳಿಯಬೇಕು. ಜಾರಾಟ ತೀರ ಕಡಿಮೆ ಇದ್ದರೆ ಯಂತ್ರವು ಅನವಶ್ಯಕವಾದ ತೂಕವನ್ನು ಹೊತ್ತು ತಿರುಗುತ್ತಿದೆ ಎಂದರ್ಥ.

ಹೂತ ಗಾಲಿಯ ಅಪಾಯ

ಹಿಡಿತವು ಅತಿಯಾದಾಗಲೂ ಅಪಾಯವುಂಟು. ಹಿಂದಿನ ಗಾಲಿ ಕೆಸರಿನಲ್ಲಿ ಹೂತು ತಿರುಗದಂತೆ ಬಿಗಿದಾಗ, ಕೆಲವರು ಅದಕ್ಕೆ ಮರದ ತೊಲೆಯನ್ನು ಕಟ್ಟಿ ಎಂಜಿನನ್ನು ಜೋರು ಮಾಡುತ್ತಾರೆ. ಗಾಲಿ ತಿರುಗಲಾರದೆ ಹೋದರೆ ಎಂಜಿನಿನ ಬಲವು ಅಚ್ಚಿನ ಸುತ್ತ ಟ್ರ್ಯಾಕ್ಟರಿನ ಒಡಲನ್ನೇ ತಿರುಗಿಸುತ್ತದೆ. ಮುಂಗಾಲಿಗಳು ಮೇಲೇಳುತ್ತವೆ, ಒಂದೆರಡು ಕ್ಷಣಗಳಲ್ಲಿ ಯಂತ್ರವು ಚಾಲಕನ ಮೇಲೆಯೇ ಹಿಮ್ಮುಖವಾಗಿ ಮಗುಚುತ್ತದೆ. ಕ್ಲಚ್ಚನ್ನು ತುಳಿಯುವಷ್ಟು ವ್ಯವಧಾನವೂ ಇರುವುದಿಲ್ಲ. ಎಳೆಯುವ ಸರಪಳಿಯನ್ನು ಅಚ್ಚಿಗಿಂತ ಎತ್ತರದಲ್ಲಿ ಕಟ್ಟಿದರೂ ಫಲ ಇದೇ.

ಹೂತ ಯಂತ್ರವನ್ನು ಹಿಂದಕ್ಕೆ ನಿಧಾನವಾಗಿ ಓಡಿಸಿ ನೋಡಬೇಕು. ಬರದಿದ್ದರೆ ಗಾಲಿಯ ಸುತ್ತ ಮಣ್ಣು ಅಗೆದು, ಇನ್ನೊಂದು ಟ್ರ್ಯಾಕ್ಟರಿನ ಕೆಳಗಿನ ಕೊಂಡಿಗೆ ಸರಪಳಿ ಕಟ್ಟಿ ಎಳೆಸಬೇಕು. ಮಗುಚಿದಾಗ ಚಾಲಕನನ್ನು ಕಾಯುವ ಉಕ್ಕಿನ ಚೌಕಟ್ಟು ಇದ್ದರೆ, ಸೊಂಟದ ಪಟ್ಟಿಯನ್ನೂ ಕಟ್ಟಿಕೊಳ್ಳಬೇಕು. ಪಟ್ಟಿಯಿಲ್ಲದ ಚೌಕಟ್ಟಿನಿಂದ ಅರ್ಧ ರಕ್ಷಣೆ ಮಾತ್ರ.

ಹೀಗೆ, ವರ್ಷದ ಹೆಚ್ಚು ದಿನ ರಸ್ತೆಯಲ್ಲಿ ಹೊರೆ ಎಳೆಯುವ ಕೊಪ್ಪಳದ ಟ್ರ್ಯಾಕ್ಟರಿಗೆ ಆರ್-1 ಸಾಕು. ಮಸಾರಿಯಲ್ಲಿ ಉಳುವವರು ಅದಕ್ಕೆ ನೀರಿನ ತೂಕವನ್ನು ಸೇರಿಸಲಿ. ಎರೆಯವರು ಅಗಲವಾದ ಟಯರಿಗೆ ಕಡಿಮೆ ಗಾಳಿ ತುಂಬಿ ಹದಕ್ಕಾಗಿ ಕಾಯಲಿ. ಗಂಗಾವತಿಯ ಗದ್ದೆಯಲ್ಲಿಯೇ ದುಡಿಯುವ ಯಂತ್ರಕ್ಕೆ ಆರ್-2 ಇಲ್ಲವೇ ಪಂಜರಗಾಲಿ ತಕ್ಕದ್ದು, ರಸ್ತೆಗೆ ಬರುವ ಮುಂಚೆ ಪಂಜರಗಾಲಿಯನ್ನು ಕಳಚುವ ಷರತ್ತಿನ ಮೇಲೆ. ಅಂಗಡಿಗೆ ಹೋಗುವ ಮೊದಲು ನಮ್ಮ ಯಂತ್ರವು ವರ್ಷದಲ್ಲಿ ಯಾವ ನೆಲದ ಮೇಲೆ ಎಷ್ಟು ದಿನ ನಡೆಯುತ್ತದೆ ಎಂಬುದನ್ನು ಬರೆದಿಟ್ಟುಕೊಂಡರೆ, ಟಯರಿನ ಆಯ್ಕೆಯ ಬಹುಭಾಗ ಮನೆಯಲ್ಲಿಯೇ ಮುಗಿದಿರುತ್ತದೆ.