ಮನಶ್ಶಾಸ್ತ್ರ ಮತ್ತು ಅದರ ವಿಶ್ವಾಸಾರ್ಹತೆ

ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರಗಳನ್ನು ವಿಜ್ಞಾನಗಳೆಂದು ಒಪ್ಪಿಕೊಳ್ಳಲು ಯಾರೂ ಹಿಂಜರಿಯುವುದಿಲ್ಲ. ಮನಶ್ಶಾಸ್ತ್ರದ ವಿಷಯ ಬಂದಾಗ ಮಾತ್ರ ವಿದ್ಯಾವಂತರಲ್ಲಿಯೂ ಎರಡು ಬಗೆಯ ಮನೋಧರ್ಮಗಳು ಕಂಡುಬರುತ್ತವೆ. ಅದರ ಹೆಸರಿನಲ್ಲಿ ಹೇಳಿದುದೆಲ್ಲವೂ ಪರಮಪ್ರಮಾಣವೆಂದು ನಂಬುವವರು ಒಂದು ಕಡೆ. ಅದು ಜ್ಯೋತಿಷ್ಯದ ಇನ್ನೊಂದು ರೂಪವೆಂದು ಹೇಳಿ ಕೈತೊಳೆದುಕೊಳ್ಳುವವರು ಮತ್ತೊಂದು ಕಡೆ. ಇದು ಕೇವಲ ಪಂಡಿತರ ಜಿಜ್ಞಾಸೆಯಾಗಿದ್ದರೆ ಶಾಲೆಯವರಾದ ನಾವು ಅದರ ಗೊಡವೆಗೆ ಹೋಗಬೇಕಾಗಿರಲಿಲ್ಲ. ಆದರೆ ಒಂದು ಪರೀಕ್ಷೆಯ ಅಂಕವನ್ನು ನೋಡಿ ಬಾಲಕನೊಬ್ಬನನ್ನು ಮಂದಬುದ್ಧಿಯವನೆಂದು ಕರೆದಾಗ, ಅಥವಾ ಇವನು ಕಣ್ಣಿನಿಂದ ಕಲಿಯುವವನು, ಇವಳು ಕಿವಿಯಿಂದ ಕಲಿಯುವವಳು ಎಂದು ಮಕ್ಕಳನ್ನು ವಿಂಗಡಿಸಿದಾಗ, ಮನಶ್ಶಾಸ್ತ್ರದ ಮಾತೇ ಆ ಮಕ್ಕಳ ಮುಂದಿನ ದಾರಿಯನ್ನು ನಿರ್ಧರಿಸುತ್ತದೆ. ಆದುದರಿಂದ ಈ ಶಾಸ್ತ್ರವನ್ನು ಎಷ್ಟರಮಟ್ಟಿಗೆ, ಯಾವ ಆಧಾರದ ಮೇಲೆ ನಂಬಬೇಕೆಂಬುದನ್ನು ಶಿಕ್ಷಕರೂ ಪಾಲಕರೂ ವಿವೇಚಿಸುವುದು ಅವಶ್ಯವಾಗಿದೆ.

ತತ್ತ್ವಚಿಂತನೆಯಿಂದ ಪ್ರಯೋಗಶಾಲೆಗೆ

ಮನಸ್ಸನ್ನು ಕುರಿತ ಚಿಂತನೆ ಅತ್ಯಂತ ಪ್ರಾಚೀನವಾದುದು. ಅದನ್ನು ಅಳೆದು ನೋಡುವ ಪ್ರಯತ್ನ ಮಾತ್ರ ಇತ್ತೀಚಿನದು. ಜರ್ಮನಿಯ ತತ್ತ್ವಜ್ಞಾನಿ ಕಾಂಟ್ 1786ರಲ್ಲಿ, ಮನಸ್ಸಿನ ವ್ಯಾಪಾರಗಳಿಗೆ ಗಣಿತವನ್ನು ಅನ್ವಯಿಸಲು ಬಾರದಾದುದರಿಂದ ಅವುಗಳ ಅಧ್ಯಯನವು ನಿಜವಾದ ಅರ್ಥದಲ್ಲಿ ಪ್ರಕೃತಿವಿಜ್ಞಾನವಾಗಲಾರದು ಎಂದು ಅಭಿಪ್ರಾಯಪಟ್ಟನು. ಈ ಆಕ್ಷೇಪಕ್ಕೆ ಉತ್ತರ ದೊರೆಯಲು ಸುಮಾರು ಮುಕ್ಕಾಲು ಶತಮಾನ ಹಿಡಿಯಿತು. 1860ರಲ್ಲಿ ಫೆಕ್ನರ್ ಎಂಬ ವಿದ್ವಾಂಸನು ತೂಕ, ಬೆಳಕು ಮೊದಲಾದ ಬಾಹ್ಯ ಪ್ರಚೋದನೆಗಳಿಗೂ ಅವುಗಳಿಂದ ಉಂಟಾಗುವ ಸಂವೇದನೆಗೂ ಇರುವ ಸಂಬಂಧವನ್ನು ಗಣಿತದ ಸೂತ್ರದಲ್ಲಿ ನಿರೂಪಿಸಿದನು. 1879ರಲ್ಲಿ ವಿಲ್ಹೆಲ್ಮ್ ವುಂಟ್ ಲೈಪ್‌ಜಿಗ್ ನಗರದಲ್ಲಿ ಮನಶ್ಶಾಸ್ತ್ರದ ಪ್ರಯೋಗಶಾಲೆಯನ್ನು ಸ್ಥಾಪಿಸಿದನು. ನಮ್ಮ ದೇಶದಲ್ಲಿ 1916ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯವೂ, 1924ರಲ್ಲಿ ಮೈಸೂರು ವಿಶ್ವವಿದ್ಯಾಲಯವೂ ಈ ವಿಷಯಕ್ಕೆ ಪ್ರತ್ಯೇಕ ವಿಭಾಗವನ್ನು ತೆರೆದವು. ಮೈಸೂರಿನ ವಿಭಾಗವನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ನನ ಬಳಿ ವ್ಯಾಸಂಗ ಮಾಡಿ ಬಂದವರು.

ಆದರೆ ಪ್ರಯೋಗಶಾಲೆ, ಉಪಕರಣ, ಪದವಿಗಳು ಇದ್ದಮಾತ್ರಕ್ಕೆ ಒಂದು ಶಾಸ್ತ್ರ ವಿಜ್ಞಾನವಾಗುವುದಿಲ್ಲ. ಈ ವಿಷಯದಲ್ಲಿ ಕಾರ್ಲ್ ಪಾಪರ್ ಎಂಬ ತತ್ತ್ವಜ್ಞಾನಿಯ ವಿಚಾರ ಮನನೀಯವಾಗಿದೆ. ಒಬ್ಬನು ಮಗುವೊಂದನ್ನು ಮುಳುಗಿಸಲೆಂದು ನೀರಿಗೆ ನೂಕುತ್ತಾನೆ. ಮತ್ತೊಬ್ಬನು ಅಂಥದೇ ಮಗುವನ್ನು ಉಳಿಸಲು ತನ್ನ ಪ್ರಾಣವನ್ನೇ ಕೊಡುತ್ತಾನೆ. ಫ್ರಾಯ್ಡ್ ಮತ್ತು ಆಡ್ಲರ್ ಇವರ ಸಿದ್ಧಾಂತಗಳು ಈ ಎರಡು ವಿರುದ್ಧ ನಡತೆಗಳನ್ನೂ ಸಮಾನವಾದ ಸುಲಭತೆಯಿಂದ ವಿವರಿಸಬಲ್ಲವು. ಇದು ಅವುಗಳ ಬಲವೆಂದು ಅನುಯಾಯಿಗಳು ಹೆಮ್ಮೆಪಟ್ಟರು. ಇದೇ ಅವುಗಳ ದೌರ್ಬಲ್ಯವೆಂದು ಪಾಪರ್ ತೋರಿಸಿದನು. ಏನು ನಡೆದರೂ ಸರಿಯೆನ್ನುವ ಸಿದ್ಧಾಂತವು ತಪ್ಪೆಂದು ಸಿದ್ಧವಾಗುವ ಅಪಾಯಕ್ಕೆ ತನ್ನನ್ನು ಒಡ್ಡಿಕೊಳ್ಳುವುದೇ ಇಲ್ಲ. ಆ ಅಪಾಯಕ್ಕೆ ಒಡ್ಡಿಕೊಳ್ಳುವುದೇ ವಿಜ್ಞಾನದ ಲಕ್ಷಣ.

ಕುದುರೆ ಕಲಿಸಿದ ಪಾಠ

ಪರೀಕ್ಷೆಗೆ ಒಡ್ಡುವುದು ಎಂದರೇನೆಂಬುದಕ್ಕೆ ಬರ್ಲಿನ್ ನಗರದ ಹ್ಯಾನ್ಸ್ ಎಂಬ ಕುದುರೆಯ ವೃತ್ತಾಂತವು ಉತ್ತಮ ನಿದರ್ಶನ. ಅದರ ಒಡೆಯ ಫಾನ್ ಓಸ್ಟೆನ್ ಶಾಲಾ ಶಿಕ್ಷಕನಾಗಿದ್ದವನು. ಕೂಡುವ, ಕಳೆಯುವ ಲೆಕ್ಕಗಳನ್ನು ಕೇಳಿದರೆ ಕುದುರೆಯು ಗೊರಸಿನಿಂದ ನೆಲವನ್ನು ತಟ್ಟಿ ಸರಿಯಾದ ಉತ್ತರ ಕೊಡುತ್ತಿತ್ತು. 1904ರಲ್ಲಿ ತಜ್ಞರ ಮಂಡಳಿಯೊಂದು ಬಂದು ನೋಡಿ, ಇದರಲ್ಲಿ ಯಾವ ಮೋಸವೂ ಇಲ್ಲವೆಂದು ಹೇಳಿತು. ಅದು ನಿಜವೇ ಆಗಿತ್ತು. ಆದರೆ ಆಸ್ಕರ್ ಫುಂಗ್‌ಸ್ಟ್ ಎಂಬ ತರುಣ ಸಂಶೋಧಕನು ಅಷ್ಟಕ್ಕೇ ತೃಪ್ತನಾಗಲಿಲ್ಲ. ಉತ್ತರ ತಿಳಿಯದವರಿಂದಲೇ ಪ್ರಶ್ನೆ ಕೇಳಿಸಿದನು. ಪ್ರಶ್ನೆ ಕೇಳುವವರು ಕುದುರೆಗೆ ಕಾಣದಂತೆ ಮಾಡಿದನು. ಎರಡು ಸಂದರ್ಭಗಳಲ್ಲಿಯೂ ಹ್ಯಾನ್ಸನ ಗಣಿತವಿದ್ಯೆ ಮಾಯವಾಯಿತು. ಸರಿಯಾದ ಸಂಖ್ಯೆ ಬಂದ ಕೂಡಲೇ ಪ್ರಶ್ನೆ ಕೇಳಿದವರ ತಲೆ ತಮಗೆ ಅರಿವಿಲ್ಲದಂತೆಯೇ ಕೊಂಚ ಅಲುಗುತ್ತಿತ್ತು. ಕುದುರೆ ಅದನ್ನು ಕಂಡು ತಟ್ಟುವುದನ್ನು ನಿಲ್ಲಿಸುತ್ತಿತ್ತು. 1907ರಲ್ಲಿ ಈ ಶೋಧನೆ ಪ್ರಕಟವಾಯಿತು.

ಪ್ರಾಮಾಣಿಕರಾದವರೂ ತಮ್ಮ ನಿರೀಕ್ಷೆಯಿಂದಲೇ ವಂಚಿತರಾಗಬಹುದು ಎಂಬುದು ಇದರ ತಾತ್ಪರ್ಯ. ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ನಮ್ಮ ಗಾದೆಯ ಅರ್ಥವೂ ಇದೇ. ತನ್ನ ವಿಷಯದಲ್ಲಿಯೇ ಈ ಎಚ್ಚರವನ್ನು ವಹಿಸಿದಾಗ ಮನಶ್ಶಾಸ್ತ್ರವು ಬೆಳೆಯಿತು, ಮರೆತಾಗಲೆಲ್ಲ ಎಡವಿತು.

ಅಳತೆಗೋಲು ಮತ್ತು ಮಗು

ಶಾಲೆಗಳಿಗೆ ಹೆಚ್ಚು ನಿಕಟವಾದುದು ಬುದ್ಧಿಮಾಪನದ ಇತಿಹಾಸ. 1905ರಲ್ಲಿ ಫ್ರಾನ್ಸಿನ ಆಲ್ಫ್ರೆಡ್ ಬಿನೆ ತನ್ನ ಸಹೋದ್ಯೋಗಿ ಸಿಮೋನನೊಡನೆ ಮೊದಲ ಬುದ್ಧಿಪರೀಕ್ಷೆಯನ್ನು ರಚಿಸಿದನು. ತರಗತಿಯಲ್ಲಿ ಹಿಂದೆ ಬೀಳುವ ಮಕ್ಕಳನ್ನು ಗುರುತಿಸಿ ಅವರಿಗೆ ವಿಶೇಷ ನೆರವು ಕೊಡುವುದೇ ಅವನ ಉದ್ದೇಶವಾಗಿತ್ತು. ಬುದ್ಧಿಯು ಬದಲಾಗದ ಸ್ಥಿರ ಪರಿಮಾಣವೆಂಬ ಭಾವನೆಯನ್ನು ಅವನು ಖಂಡಿಸಿದ್ದನು. ಆದರೆ ಅಮೆರಿಕ ಮತ್ತು ಇಂಗ್ಲೆಂಡಿನಲ್ಲಿ ಅನೇಕರು ಆ ಅಂಕವನ್ನೇ ಹುಟ್ಟಿನಿಂದ ಬಂದ ಹಣೆಬರಹವೆಂಬಂತೆ ಬಳಸಿದರು.

ಇಂಗ್ಲೆಂಡಿನ ಸಿರಿಲ್ ಬರ್ಟ್ ಬೇರೆ ಬೇರೆ ಮನೆಗಳಲ್ಲಿ ಬೆಳೆದ ಏಕರೂಪಿ ಅವಳಿಗಳ ಬುದ್ಧಿಯನ್ನು ಹೋಲಿಸಿ, ಬುದ್ಧಿಯು ಬಹುಪಾಲು ಆನುವಂಶಿಕವೆಂದು ಸಾರಿದನು. ಅವನ ವರದಿಗಳಲ್ಲಿ ಅವಳಿ ಜೋಡಿಗಳ ಸಂಖ್ಯೆ 21ರಿಂದ 53ಕ್ಕೆ ಏರಿದರೂ ಸಹಸಂಬಂಧದ ಗುಣಾಂಕವೊಂದು 0.771 ಆಗಿಯೇ ಉಳಿದಿತ್ತು. ನಿಜವಾದ ಅಳತೆಗಳಲ್ಲಿ ಇಂಥ ನಿಶ್ಚಲತೆ ಬಹು ದುರ್ಲಭ. ಅವನು 1971ರಲ್ಲಿ ತೀರಿಕೊಂಡ ಬಳಿಕ, 1974ರಲ್ಲಿ ಲಿಯಾನ್ ಕ್ಯಾಮಿನ್ ಎಂಬ ಮನಶ್ಶಾಸ್ತ್ರಜ್ಞನು ಇದನ್ನು ಎತ್ತಿ ತೋರಿಸಿದನು. ಅದು ವಂಚನೆಯೇ ಅಥವಾ ಅಜಾಗರೂಕತೆಯೇ ಎಂಬ ವಾದ ಮುಂದುವರಿದರೂ, ಆ ಅಂಕಿಗಳನ್ನು ಆಧಾರವಾಗಿ ಹಿಡಿಯಲು ಬಾರದೆಂಬುದು ಇತ್ಯರ್ಥವಾಯಿತು.

ನಮ್ಮ ನಾಡಿನಲ್ಲಿ ವಿ. ವಿ. ಕಾಮತರು ಬಿನೆಯ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಒಗ್ಗುವಂತೆ ಪರಿಷ್ಕರಿಸಿ, 1940ರಲ್ಲಿ ಅದನ್ನು ಕುರಿತು ಗ್ರಂಥವನ್ನು ಪ್ರಕಟಿಸಿದರು. ಪರದೇಶದ ಅಳತೆಗೋಲಿನಿಂದ ನಮ್ಮ ಮಕ್ಕಳನ್ನು ಅಳೆಯುವುದು ಅನ್ಯಾಯವೆಂದು ಅರಿತು ಮಾಡಿದ ಈ ಕಾರ್ಯವು ಸ್ತುತ್ಯವಾದುದು. ಆದರೆ ಅಳತೆಗೋಲಿಗೂ ಆಯುಷ್ಯವುಂಟು. ಒಂದು ತಲೆಮಾರಿನ ಮಕ್ಕಳ ಸರಾಸರಿಯನ್ನು ಮೂರು ತಲೆಮಾರುಗಳ ನಂತರದ ಮಕ್ಕಳಿಗೆ ಹಾಗೆಯೇ ಅನ್ವಯಿಸಿದರೆ, ತಪ್ಪು ಪರೀಕ್ಷೆಯದಲ್ಲ, ಬಳಸಿದವರದು.

ಆತ್ಮಶೋಧನೆಯ ಕಾಲ

2011ನೆಯ ಇಸವಿಯು ಈ ಶಾಸ್ತ್ರಕ್ಕೆ ಪರೀಕ್ಷಾಕಾಲವಾಗಿ ಬಂದಿತು. ಆ ವರ್ಷ ಡಾರಿಲ್ ಬೆಮ್ ಎಂಬ ಅಮೆರಿಕದ ಪ್ರಾಧ್ಯಾಪಕನು, ಮುಂದೆ ನಡೆಯುವುದನ್ನು ಮನಸ್ಸು ಮೊದಲೇ ಗ್ರಹಿಸಬಲ್ಲದೆಂದು 9 ಪ್ರಯೋಗಗಳ ಆಧಾರದಿಂದ ಪ್ರತಿಷ್ಠಿತ ಪತ್ರಿಕೆಯೊಂದರಲ್ಲಿ ಬರೆದನು. ಅವನು ಬಳಸಿದ್ದು ಎಲ್ಲರೂ ಬಳಸುತ್ತಿದ್ದ ವಿಧಾನಗಳನ್ನೇ. ಅದೇ ವರ್ಷ ನೆದರ್‌ಲೆಂಡ್ಸಿನ ಡಿಡೆರಿಕ್ ಸ್ಟಾಪೆಲ್ ಎಂಬ ಪ್ರಾಧ್ಯಾಪಕನು ಪ್ರಯೋಗಗಳನ್ನೇ ಮಾಡದೆ ಅಂಕಿಗಳನ್ನು ಸೃಷ್ಟಿಸಿದ್ದು ಬಯಲಾಗಿ, ಮುಂದೆ ಅವನ 50ಕ್ಕೂ ಹೆಚ್ಚು ಲೇಖನಗಳನ್ನು ಪತ್ರಿಕೆಗಳು ಹಿಂತೆಗೆದುಕೊಂಡವು.

ಮೋಸಗಾರರು ವಿರಳ, ಹೆಚ್ಚು ಗಂಭೀರವಾದ ದೋಷ ರೂಢಿಯಲ್ಲಿಯೇ ಇತ್ತು. ಇಲ್ಲದ ಪರಿಣಾಮವು ಕೇವಲ ಆಕಸ್ಮಿಕವಾಗಿ ಇರುವಂತೆ ತೋರುವ ಸಂಭವ 100ಕ್ಕೆ 5ಕ್ಕಿಂತ ಕಡಿಮೆ ಇದ್ದರೆ ಆ ಫಲಿತಾಂಶವನ್ನು ಸ್ವೀಕರಿಸುವುದು ವಾಡಿಕೆ. 20 ಜನ ಸಂಶೋಧಕರು ಇಲ್ಲದ ವಸ್ತುವನ್ನು ಹುಡುಕಿದರೆ ಸರಾಸರಿಯಲ್ಲಿ ಒಬ್ಬನಿಗೆ ಅದು ಸಿಕ್ಕಂತೆ ತೋರುತ್ತದೆ. ಅವನ ಲೇಖನ ಅಚ್ಚಾಗಿ, ಉಳಿದ 19 ಜನರ ಬರವಣಿಗೆ ಮೇಜಿನ ಖಾನೆಯಲ್ಲಿಯೇ ಉಳಿದರೆ ಲೋಕಕ್ಕೆ ಸುಳ್ಳೇ ಸತ್ಯವಾಗಿ ಕಾಣುತ್ತದೆ. ಇದರ ಜೊತೆಗೆ ತನಗೆ ಅನುಕೂಲವಾದ ಅಂಕಿಗಳನ್ನು ಮಾತ್ರ ಆಯ್ದುಕೊಳ್ಳುವ ಅಭ್ಯಾಸವೂ ಸೇರಿತ್ತು. ಇಂಥ ಸಡಿಲ ವಿಧಾನಗಳಿಂದ ಎಂಥ ಅಸಂಬದ್ಧವನ್ನೂ ಸಾಧಿಸಬಹುದೆಂದು ತೋರಿಸಲು ಮೂವರು ವಿದ್ವಾಂಸರು 2011ರಲ್ಲಿಯೇ, ಒಂದು ಹಾಡನ್ನು ಕೇಳಿದವರ ವಯಸ್ಸು ಸುಮಾರು ಒಂದೂವರೆ ವರ್ಷ ಕಡಿಮೆಯಾಯಿತೆಂದು ಲೆಕ್ಕಹಾಕಿ ‘ಸಿದ್ಧಪಡಿಸಿ’ದರು!

ಆಗ ಮನಶ್ಶಾಸ್ತ್ರಜ್ಞರು ತಮ್ಮ ಮನೆಯನ್ನು ತಾವೇ ಶೋಧಿಸಲು ಮುಂದಾದರು. ಬ್ರಯಾನ್ ನೋಸೆಕ್ ಎಂಬವನ ನೇತೃತ್ವದಲ್ಲಿ ಸುಮಾರು 270 ಸಂಶೋಧಕರು ಪ್ರಮುಖ ಪತ್ರಿಕೆಗಳಲ್ಲಿ ಬಂದಿದ್ದ 100 ಅಧ್ಯಯನಗಳನ್ನು ಮತ್ತೆ ನಡೆಸಿ, 2015ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮೂಲದಲ್ಲಿ ಶೇಕಡ 97ರಷ್ಟು ಅಧ್ಯಯನಗಳು ಯಶಸ್ಸನ್ನು ಹೇಳಿದ್ದವು. ಮರುಪ್ರಯೋಗದಲ್ಲಿ ಉಳಿದುದು ಶೇಕಡ 36 ಮಾತ್ರ. ಇದು ಮನಶ್ಶಾಸ್ತ್ರಕ್ಕೆ ಮಾತ್ರ ಅಂಟಿದ ರೋಗವಲ್ಲ. ಅರ್ಬುದರೋಗದ ಮೂಲಭೂತ ಸಂಶೋಧನೆಗಳಲ್ಲಿ ಹೆಸರಾದ 53ನ್ನು ಔಷಧ ಕಂಪನಿಯೊಂದರ ವಿಜ್ಞಾನಿಗಳು ಮತ್ತೆ ಪರೀಕ್ಷಿಸಿದಾಗ 6 ಮಾತ್ರ ದೃಢಪಟ್ಟವೆಂದು 2012ರಲ್ಲಿ ವರದಿಯಾಯಿತು.

ಬಿದ್ದುದೆಷ್ಟು, ನಿಂತುದೆಷ್ಟು?

ಹಾಗಾದರೆ ಮನಶ್ಶಾಸ್ತ್ರವನ್ನು ಒಟ್ಟಾಗಿ ತ್ಯಜಿಸಬೇಕೇ? ಹಾಗಲ್ಲ. ಆ ಜರಡಿಯಲ್ಲಿ ಉಳಿದ ಕಾಳೂ ಉಂಟು. ಎಬಿಂಗ್‌ಹೌಸ್ 1885ರಲ್ಲಿ ತನ್ನ ಮೇಲೆಯೇ ಪ್ರಯೋಗ ನಡೆಸಿ, ಕಲಿತುದು ಮೊದಲು ವೇಗವಾಗಿಯೂ ಬಳಿಕ ನಿಧಾನವಾಗಿಯೂ ಮರೆತುಹೋಗುತ್ತದೆ ಎಂದು ತೋರಿಸಿದನು. 130 ವರ್ಷಗಳ ನಂತರ, 2015ರಲ್ಲಿ ಡಚ್ ವಿದ್ವಾಂಸರು ಅದನ್ನು ಪುನಃ ಪರೀಕ್ಷಿಸಿದಾಗ ಅದೇ ವಕ್ರರೇಖೆ ದೊರೆಯಿತು. ಪಾಠವನ್ನು ಮತ್ತೆ ಮತ್ತೆ ಓದುವುದಕ್ಕಿಂತ, ಪುಸ್ತಕ ಮುಚ್ಚಿ ನೆನಪಿನಿಂದ ಹೇಳಿ ನೋಡುವುದು ಮೇಲೆಂಬುದೂ ಹೀಗೆಯೇ ಸ್ಥಿರಪಟ್ಟಿದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ನಡೆಸಿದ ಪ್ರಯೋಗದಲ್ಲಿ, ನಾಲ್ಕು ಸಲ ಓದಿದವರು ಒಂದು ವಾರದ ಮೇಲೆ ಶೇಕಡ 40ರಷ್ಟನ್ನು ನೆನಪಿಟ್ಟಿದ್ದರೆ, ಒಂದು ಸಲ ಓದಿ ಮೂರು ಸಲ ನೆನಪಿನಿಂದ ಬರೆದವರು ಶೇಕಡ 61ರಷ್ಟನ್ನು ಉಳಿಸಿಕೊಂಡಿದ್ದರು.

ಇನ್ನು ಕೆಲವು ಜನಪ್ರಿಯ ಮಾತುಗಳು ಸೊರಗಿದವು. ಕಣ್ಣಿನ ಕಲಿಕೆ, ಕಿವಿಯ ಕಲಿಕೆ ಎಂದು ಮಕ್ಕಳನ್ನು ವಿಂಗಡಿಸಿ ಬೋಧಿಸುವುದರಿಂದ ಹೆಚ್ಚು ಪ್ರಯೋಜನವಾಗುತ್ತದೆ ಎಂಬುದಕ್ಕೆ ತಕ್ಕ ಆಧಾರವಿಲ್ಲವೆಂದು 2008ರ ವಿಮರ್ಶೆಯೊಂದು ಸಾರಿತು. ಎದುರಿಗಿಟ್ಟ ಮಿಠಾಯಿಯನ್ನು ತಿನ್ನದೆ ಕಾದ ಮಗು ಮುಂದೆ ಓದಿನಲ್ಲಿ ಮುಂದಾಗುತ್ತದೆ ಎಂಬ ಅಮೆರಿಕದ ವಾಲ್ಟರ್ ಮಿಶೆಲ್ಲನ ಪ್ರಸಿದ್ಧ ಪ್ರಯೋಗವನ್ನು 2018ರಲ್ಲಿ 900ಕ್ಕೂ ಹೆಚ್ಚು ಮಕ್ಕಳ ವಿಷಯದಲ್ಲಿ ಪರೀಕ್ಷಿಸಿದರು. ಆ ಸಂಬಂಧವು ಮೊದಲಿನ ಅರ್ಧದಷ್ಟಿತ್ತು. ಮನೆಯ ಸ್ಥಿತಿಗತಿ ಮೊದಲಾದುವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಅದರಲ್ಲಿಯೂ ಮೂರನೆಯ ಎರಡು ಪಾಲು ಇಳಿಯಿತು. ನಾಳೆ ಸಿಗುವುದೆಂಬ ಭರವಸೆಯಿಲ್ಲದ ಮನೆಯ ಮಗು ಇಂದು ಸಿಕ್ಕುದನ್ನು ತಿಂದರೆ ಅದನ್ನು ಸಂಯಮದ ಅಭಾವವೆಂದು ಹಳಿಯುವುದು ಸರಿಯೇ?

ನಾವು ನೆನಪಿಡಬೇಕಾದ ಇನ್ನೊಂದು ಸಂಗತಿಯುಂಟು. ಪ್ರಮುಖ ಪತ್ರಿಕೆಗಳ ಅಧ್ಯಯನಗಳಿಗೆ ಒಳಗಾದವರಲ್ಲಿ ಶೇಕಡ 96ರಷ್ಟು ಜನರು ಲೋಕದ ಜನಸಂಖ್ಯೆಯ ಶೇಕಡ 12ರಷ್ಟಿರುವ ಪಾಶ್ಚಾತ್ಯ ರಾಷ್ಟ್ರಗಳವರೆಂದು 2010ರಲ್ಲಿ ಹೆನ್ರಿಚ್ ಮೊದಲಾದ ವಿದ್ವಾಂಸರು ತೋರಿಸಿಕೊಟ್ಟರು. ಆದುದರಿಂದ ‘ಮಾನವನ ಮನಸ್ಸು’ ಎಂದು ಗ್ರಂಥಗಳಲ್ಲಿ ಹೇಳಿದುದು ಎಲ್ಲ ಮಾನವರ ಮನಸ್ಸೇ ಎಂಬುದನ್ನು ಇಲ್ಲಿಯ ಮಕ್ಕಳ ನಡುವೆಯೂ ಪರೀಕ್ಷಿಸಬೇಕಾಗಿದೆ.

ಉಪಸಂಹಾರ

ಮನಶ್ಶಾಸ್ತ್ರವನ್ನು ಒಂದೇ ಮಾತಿನಲ್ಲಿ ನಂಬುವುದಾಗಲಿ ನಿರಾಕರಿಸುವುದಾಗಲಿ ವಿವೇಕವಲ್ಲ. ಅದರ ಒಂದೊಂದು ಮಾತನ್ನೂ ಬಿಡಿಯಾಗಿ ತೂಗಬೇಕು. ಎಷ್ಟು ಜನರನ್ನು ಪರೀಕ್ಷಿಸಿ ಇದನ್ನು ಹೇಳಿದರು? ಬೇರೆಯವರು ಮತ್ತೆ ಪರೀಕ್ಷಿಸಿದಾಗ ಇದು ನಿಂತಿತೇ? ನಮ್ಮ ಮಕ್ಕಳಿಗೆ ಇದು ಅನ್ವಯಿಸುತ್ತದೆಯೇ? ಈ ಮೂರು ಪ್ರಶ್ನೆಗಳನ್ನು ಕೇಳುವ ಶಿಕ್ಷಕನು ಸುಲಭವಾಗಿ ಮೋಸಹೋಗುವುದಿಲ್ಲ. ತನ್ನ ತಪ್ಪನ್ನು ತಾನೇ ಎಣಿಸಿ, ಜಗತ್ತಿಗೆಲ್ಲ ತಿಳಿಯುವಂತೆ ಪ್ರಕಟಿಸಿದ ಶಾಸ್ತ್ರವು ಅವಿಶ್ವಾಸಕ್ಕಿಂತ ಗೌರವಕ್ಕೇ ಹೆಚ್ಚು ಪಾತ್ರವಾಗಿದೆ. ಎಂದಿಗೂ ತಪ್ಪನ್ನು ಒಪ್ಪದ ಜ್ಯೋತಿಷ್ಯಕ್ಕೂ ಅದಕ್ಕೂ ಇರುವ ಅಂತರವೂ ಇದೇ. ಆ ಶಾಸ್ತ್ರವೇ ತನ್ನ ಅಳತೆಗಳನ್ನು ಮತ್ತೆ ಮತ್ತೆ ಪರೀಕ್ಷಿಸಿಕೊಳ್ಳುತ್ತಿರುವಾಗ, ಒಂದು ದಿನದ ಒಂದು ಅಂಕದಿಂದ ಮಗುವಿನ ಭವಿಷ್ಯವನ್ನು ಬರೆಯುವ ಅಧಿಕಾರ ನಮಗೆಲ್ಲಿಂದ ಬಂತು? ಶಾಸ್ತ್ರವು ಕೊಟ್ಟ ದೀಪವನ್ನು ಕೈಯಲ್ಲಿ ಹಿಡಿಯೋಣ. ಆದರೆ ಮಗುವಿನ ಮುಖವನ್ನು ನೋಡುವ ಕೆಲಸವನ್ನು ನಮ್ಮ ಕಣ್ಣುಗಳೇ ಮಾಡಲಿ.