ಮಲೆಬೆನ್ನೂರಿನ 40 ಸೆಕೆಂಡುಗಳು

ಕಳೆದ ಸುಗ್ಗಿಯಲ್ಲಿ ಮಲೆಬೆನ್ನೂರಿಗೆ ಹೋಗಿದ್ದಾಗ ಅಕ್ಕನ ಮಗ ತನ್ನ ಮೊಬೈಲನ್ನು ನನ್ನ ಕೈಗಿತ್ತು, ‘ಮಾಮ, ಒಂದ್ಸಲ ಇದನ್ನ ನೋಡ್ರಿ’ ಎಂದ. ಊರಿನ ಅಕ್ಕಿ ಗಿರಣಿಯೊಂದಕ್ಕೆ ಅವನು ಮಾಡಿಕೊಟ್ಟ 40 ಸೆಕೆಂಡುಗಳ ಜಾಹೀರಾತು ಅದು. ಭದ್ರಾ ನಾಲೆಗೆ ನೀರು ಬಿಟ್ಟ ದಿನ ಮುದುಕಿಯೊಬ್ಬಳು ದಂಡೆಯಿಂದ ಮೆಲ್ಲನೆ ಇಳಿದು ಬೊಗಸೆಯಲ್ಲಿ ನೀರು ಹಿಡಿಯುತ್ತಾಳೆ. ಮರುಕ್ಷಣ ಅದೇ ಬೊಗಸೆಯಲ್ಲಿ ಅಕ್ಕಿ. ಮಾತಿಲ್ಲ, ಹಾಡಿಲ್ಲ, ಹಿನ್ನೆಲೆಯಲ್ಲಿ ಗಿರಣಿಯ ಸದ್ದು, ಕೊನೆಗೆ ಅದರ ಹೆಸರು. ಮುದುಕಿಯ ಪಾತ್ರ ವಹಿಸಿದವರು ಅಕ್ಕನ ಅತ್ತೆ. ಮೂರು ಸಲ ನೀರಿಗಿಳಿಸಿದನೆಂದು ಮೊಮ್ಮಗನನ್ನು ಅವರು ಇನ್ನೂ ಬೈಯುತ್ತಿದ್ದರು.

ನನಗೆ ಅದು ನಿಜಕ್ಕೂ ಹಿಡಿಸಿತು. ಹೊಸ ಜಾಹೀರಾತು ನಿರ್ದೇಶಕರನ್ನು ಗುರುತಿಸುವ ಪ್ರಶಸ್ತಿಯೊಂದಕ್ಕೆ ಕಳಿಸಬೇಕೆಂದು ಅವನು ಅರ್ಜಿ ತೆಗೆದಿಟ್ಟಿದ್ದ. ಅದನ್ನು ಓದತೊಡಗಿದಂತೆ ನನ್ನ ಉತ್ಸಾಹ ಇಳಿಯಿತು. ಜಾಹೀರಾತು ಸಂಸ್ಥೆಯ ಪತ್ರ ಬೇಕು, ವಾಹಿನಿಯಲ್ಲಿ ಪ್ರಸಾರವಾದ ದಾಖಲೆ ಬೇಕು, ನಿರ್ಮಾಣ ಸಂಸ್ಥೆಯ ಮೊಹರು ಬೇಕು. ಪ್ರವೇಶ ಶುಲ್ಕವಂತೂ ಜಾಹೀರಾತಿಗೆ ತಗುಲಿದ ಒಟ್ಟು ವೆಚ್ಚಕ್ಕಿಂತ ಹೆಚ್ಚು. ಉದಯೋನ್ಮುಖ ಎಂಬ ಪದಕ್ಕೆ ನಿಘಂಟಿನಲ್ಲಿರುವ ಅರ್ಥವೇ ಬೇರೆ, ಅರ್ಜಿ ನಮೂನೆಯಲ್ಲಿರುವ ಅರ್ಥವೇ ಬೇರೆ. ಈಗಾಗಲೇ ಬೆಳಕಿಗೆ ಬಂದವನು ಮಾತ್ರ ಅಲ್ಲಿ ಉದಯಿಸಬಹುದು.

ಈ ಪ್ರಶಸ್ತಿಗಳೆಲ್ಲದರ ಹಿರಿಯಜ್ಜನಂತಿರುವ ಕಾನ್ ಜಾಹೀರಾತು ಉತ್ಸವವನ್ನು ಹುಟ್ಟುಹಾಕಿದವರು ಚಿತ್ರಮಂದಿರಗಳಿಗೆ ಜಾಹೀರಾತು ಒದಗಿಸುತ್ತಿದ್ದ ಗುತ್ತಿಗೆದಾರರು. 1954ರಲ್ಲಿ ವೆನಿಸ್‌ನಲ್ಲಿ ನಡೆದ ಮೊದಲ ಉತ್ಸವಕ್ಕೆ 14 ದೇಶಗಳಿಂದ 187 ಚಿತ್ರಗಳು ಬಂದಿದ್ದವು. ವೆನಿಸ್‌ನ ಚೌಕದ ಸಿಂಹವೇ ಪ್ರಶಸ್ತಿಯ ಸಿಂಹವಾಯಿತು. ಗುತ್ತಿಗೆದಾರರೆಂದರೆ ಯಾರು? ನಮ್ಮ ಬಾಲ್ಯದಲ್ಲಿ ಹರಿಹರಕ್ಕೋ ದಾವಣಗೆರೆಗೋ ಬಸ್ಸು ಹತ್ತಿ ಸಿನಿಮಾಕ್ಕೆ ಹೋದಾಗ ಮಧ್ಯಂತರದಲ್ಲಿ ಸೀರೆ ಅಂಗಡಿ, ಬೀಡಿ, ಬೀಜ-ಗೊಬ್ಬರದ ಸ್ಲೈಡ್‌ಗಳನ್ನು ಪರದೆಗೆ ತರುತ್ತಿದ್ದರಲ್ಲ, ಅಂಥದೇ ವ್ಯಾಪಾರದವರು. ಕಡಲ ತೀರದ ಆ ವೈಭವಕ್ಕೂ ಅಶೋಕ ಟಾಕೀಸಿನ ಗೀರುಬಿದ್ದ ಸ್ಲೈಡಿಗೂ ದೂರದ ನೆಂಟಸ್ತಿಕೆ ಇದೆ.

ಇಂಥ ಗುತ್ತಿಗೆದಾರರ ಹಣದಿಂದ ನಮ್ಮ ದೇಶದಲ್ಲೂ ಒಂದು ಉಪಕಾರವಾಯಿತು. 1959ರಲ್ಲಿ ಲಿಂಟಾಸ್ ಸಂಸ್ಥೆಯಲ್ಲಿ ಜಾಹೀರಾತು ಬರಹಗಾರರಾಗಿ ಸೇರಿದ ಶ್ಯಾಮ್ ಬೆನಗಲ್ ಮುಂದೆ ನೂರಾರು ಜಾಹೀರಾತು ಚಿತ್ರಗಳನ್ನು ಮಾಡಿದರು. ಅವರ ಮೊದಲ ಕಥಾಚಿತ್ರ ‘ಅಂಕುರ್’ 1974ರಲ್ಲಿ ತೆರೆಗೆ ಬಂದಾಗ ಅದಕ್ಕೆ ಬಂಡವಾಳ ಹೂಡಿದ್ದು ಬ್ಲೇಜ್. ಅದು ಚಿತ್ರಮಂದಿರಗಳಿಗೆ ಜಾಹೀರಾತು ಚಿತ್ರ ಹಂಚುತ್ತಿದ್ದ ಕಂಪನಿ. ಸೋಪಿನ ಜಾಹೀರಾತಿನಿಂದ ಹೊಸ ಅಲೆಯ ಸಿನಿಮಾದವರೆಗೆ ಏಣಿಯೊಂದು ಇತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಆ ಏಣಿಗೆ ಹೊಸಬರನ್ನು ಹತ್ತಿಸುವ ಕ್ರಮಗಳು ಹೊರಗೆ ಬೆಳೆದಿವೆ. ಸಾಚಿ ಅಂಡ್ ಸಾಚಿ ಸಂಸ್ಥೆ 1991ರಿಂದ ಕಾನ್‌ನಲ್ಲಿ ಹೊಸ ನಿರ್ದೇಶಕರ ಕೆಲಸಗಳ ಪ್ರದರ್ಶನ ಆರಂಭಿಸಿತು. ಯುರೋಪಿನ ಜಾಹೀರಾತು ಚಿತ್ರ ನಿರ್ಮಾಪಕರು ಯುವ ನಿರ್ದೇಶಕರಿಗೆಂದೇ ಸ್ಥಾಪಿಸಿದ ಪ್ರಶಸ್ತಿಯಲ್ಲಿ, ಗಿರಾಕಿಯೇ ಇಲ್ಲದೆ ಸ್ವಂತ ಉಮೇದಿನಿಂದ ಮಾಡಿದ ಪ್ರಯೋಗ ಜಾಹೀರಾತಿಗೂ ಒಂದು ವಿಭಾಗವಿತ್ತು. ಕೆಲಸ ಸಿಗದವನಿಗೆ ಕೆಲಸದ ದಾಖಲೆ ಕೇಳಬಾರದೆಂಬ ಸರಳ ವಿವೇಕ ಅದು.

ಕನ್ನಡದಲ್ಲಿ ಪ್ರತಿಭೆ ಇಲ್ಲವೆನ್ನುವಂತಿಲ್ಲ. ರಾಮ್ ರೆಡ್ಡಿಯವರ ‘ತಿಥಿ’ 2015ರಲ್ಲಿ ಲೊಕಾರ್ನೊ ಉತ್ಸವದಲ್ಲಿ ಚೊಚ್ಚಲ ಚಿತ್ರದ ಪ್ರಶಸ್ತಿ ಗೆದ್ದಿತು. ಕೋಳಿ ಕದ್ದ ಅಜ್ಜಿಯಿಂದಾಗಿ ಸೂರ್ಯನೇ ಹುಟ್ಟದ ಜನಪದ ಕಥೆಯನ್ನು ಆಧರಿಸಿದ ಚಿದಾನಂದ ನಾಯ್ಕ್ ಅವರ ಕಿರುಚಿತ್ರ 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದ ಮೊದಲ ಬಹುಮಾನ ಪಡೆಯಿತು. ಇವೆಲ್ಲ ಕಥಾಚಿತ್ರಗಳ ಮಾತು. ಜಾಹೀರಾತಿನಲ್ಲಿ ಅಂಥ ಹೆಸರುಗಳು ನಮ್ಮ ನಾಲಿಗೆಗೆ ಏಕೆ ಬರುವುದಿಲ್ಲ?

ಬೆಂಗಳೂರಿನಲ್ಲಿ ಈ ಉದ್ಯಮವೇ ಇಲ್ಲವೆಂದಲ್ಲ. ಹಚ್ ಕಂಪನಿಯ ನಾಯಿಮರಿಯನ್ನೂ 2009ರ ಐಪಿಎಲ್ ಸಮಯದಲ್ಲಿ ಮನೆಮಾತಾದ ವೊಡಾಫೋನ್‌ನ ಜೂಜೂಗಳನ್ನೂ ತೆರೆಗೆ ತಂದದ್ದು ಪ್ರಕಾಶ್ ವರ್ಮಾ ಅವರ ನಿರ್ವಾಣ ಫಿಲ್ಮ್ಸ್, ಬೆಂಗಳೂರಿನದೇ ಸಂಸ್ಥೆ. ಅನಿಮೇಷನ್ ಎಂದು ನಾವೆಲ್ಲ ನಂಬಿದ್ದ ಆ ಬಿಳಿ ಬೊಂಬೆಗಳೊಳಗೆ ಮನುಷ್ಯರಿದ್ದರು. ಆದರೆ ಕನ್ನಡ ವಾಹಿನಿಗಳಲ್ಲಿ ನಾವು ನೋಡುವ ದೊಡ್ಡ ಕಂಪನಿಗಳ ಜಾಹೀರಾತುಗಳಲ್ಲಿ ಬಹುಪಾಲು ಬೇರೆ ಭಾಷೆಯಲ್ಲಿ ಹುಟ್ಟಿದವು. ತುಟಿ ಹಿಂದಿಯಲ್ಲಿ ಅಲುಗುತ್ತದೆ, ದನಿ ಕನ್ನಡದಲ್ಲಿ ಕೇಳುತ್ತದೆ. ಅನುವಾದಕನಿಗೂ ಕಂಠದಾನ ಮಾಡಿದವನಿಗೂ ಒಂದಿಷ್ಟು ಸಂಭಾವನೆ ದಕ್ಕುತ್ತದೆ; ನಿರ್ದೇಶಕನಿಗೆ ಅಲ್ಲಿ ಕೆಲಸವಿಲ್ಲ.

ಇಲ್ಲೊಂದು ವಿಚಿತ್ರವಿದೆ. 1960ರ ದಶಕದಿಂದ ಕನ್ನಡ ಚಿತ್ರರಂಗ ಡಬ್ಬಿಂಗನ್ನು ಗಡಿಯಲ್ಲೇ ತಡೆದು ನಿಲ್ಲಿಸಿತ್ತು. ನಮ್ಮ ಕಲಾವಿದರ, ತಂತ್ರಜ್ಞರ ಅನ್ನ ಉಳಿಯಬೇಕೆಂಬುದು ಅದಕ್ಕಿದ್ದ ಮುಖ್ಯ ಸಮರ್ಥನೆ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಚಲನಚಿತ್ರ ವಾಣಿಜ್ಯ ಮಂಡಳಿ ಮೊದಲಾದ ಸಂಸ್ಥೆಗಳಿಗೆ ದಂಡ ವಿಧಿಸುವವರೆಗೂ ಆ ತಡೆ ಗಟ್ಟಿಯಾಗಿತ್ತು. ಡಬ್ಬಿಂಗ್ ಬೇಕೇ ಬೇಡವೇ ಎಂಬುದರ ಬಗ್ಗೆ ನನಗೆ ಇಂದಿಗೂ ಖಚಿತ ನಿಲುವಿಲ್ಲ. ಆದರೆ ಇಷ್ಟೂ ಕಾಲ, ಡಬ್ ಆದ ಜಾಹೀರಾತುಗಳು ದಿನವೂ ನಮ್ಮ ನಡುಮನೆಗೆ ನುಗ್ಗುತ್ತಿದ್ದಾಗ ಅಂಥ ತಡೆಯೇನೂ ಏಳಲಿಲ್ಲ. ಬಾಗಿಲು ಕಾಯುತ್ತಿದ್ದ ನಾವು ಕಿಟಕಿಯನ್ನು ಮರೆತೆವು.

ಈ ಮರೆವು ಈಗಲೂ ಹೋಗಿಲ್ಲ. 2025ರ ಮೇ ತಿಂಗಳಲ್ಲಿ ಮೈಸೂರು ಸ್ಯಾಂಡಲ್ ಸಾಬೂನಿನ ಪ್ರಚಾರಕ್ಕೆ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಗಳಿಗೆ 6.2 ಕೋಟಿ ರೂಪಾಯಿಗೆ ನೇಮಿಸಿದಾಗ ರಾಜ್ಯದಲ್ಲಿ ಎದ್ದ ಕೋಲಾಹಲ ಓದುಗರಿಗೆ ನೆನಪಿರಬಹುದು. ಕನ್ನಡದ ನಟಿಯರಿರಲಿಲ್ಲವೇ ಎಂದು ಎಲ್ಲರೂ ಕೇಳಿದರು. ಆ ಜಾಹೀರಾತನ್ನು ನಿರ್ದೇಶಿಸುವವರು ಯಾರು, ಅದಕ್ಕೆ ಕನ್ನಡದ ಹೊಸಬನೊಬ್ಬನನ್ನು ಪರಿಗಣಿಸಿದ್ದರೇ ಎಂದು ಯಾರಾದರೂ ಕೇಳಿದ್ದನ್ನು ನಾನು ಕಾಣಲಿಲ್ಲ. ಮುಖದ ಬಗ್ಗೆ ನಮಗಿರುವ ಕಾಳಜಿ ಕಣ್ಣಿನ ಬಗ್ಗೆ ಇಲ್ಲ.

ಸರ್ಕಾರವೇ ಪ್ರಶಸ್ತಿ ಕೊಡಲಿ ಎನ್ನಲು ನನಗೆ ಅಳುಕು. ರಾಜ್ಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಹೊಸ ನಿರ್ದೇಶಕರ ಪ್ರಥಮ ಚಿತ್ರಕ್ಕೊಂದು ಗೌರವವಿದೆ, ನಿಜ. ಆದರೆ 2019ನೇ ಸಾಲಿನ ಪ್ರಶಸ್ತಿಗಳು ಪ್ರಕಟವಾದದ್ದು 2025ರ ಜನವರಿಯಲ್ಲಿ. ಆ ಹೊತ್ತಿಗೆ ಹೊಸಬ ಒಂದೋ ಹಳಬನಾಗಿರುತ್ತಾನೆ, ಇಲ್ಲವೇ ಊರಿಗೆ ಮರಳಿ ಅಂಗಡಿ ಇಟ್ಟಿರುತ್ತಾನೆ. ಕೇಂದ್ರದ ಪ್ರಶಸ್ತಿಯಲ್ಲಿ ಮಾತ್ರ ಒಂದು ಒಳ್ಳೆಯ ತಿದ್ದುಪಡಿಯಾಯಿತು. ಚೊಚ್ಚಲ ನಿರ್ದೇಶನದ ರಾಷ್ಟ್ರ ಪ್ರಶಸ್ತಿಯ ಹಣ ಮೊದಲು ನಿರ್ಮಾಪಕ ಮತ್ತು ನಿರ್ದೇಶಕರ ನಡುವೆ ಹಂಚಿಕೆಯಾಗುತ್ತಿತ್ತು. 2024ರಲ್ಲಿ ನಿಯಮ ಬದಲಿಸಿ ಅದು ನಿರ್ದೇಶಕನಿಗೊಬ್ಬನಿಗೇ ಸಲ್ಲುವಂತೆ ಮಾಡಲಾಯಿತು. ಕೊಡುವವರು ಮನಸ್ಸು ಮಾಡಿದರೆ ನಿಯಮಗಳು ಕದಲುತ್ತವೆ.

ನನಗೆ ತೋಚುವುದು ಇಷ್ಟೆ. ನಂದಿನಿ ಹಾಲಿನಿಂದ ಹಿಡಿದು ಲಸಿಕೆ, ಮತದಾನ, ಬೆಳೆ ವಿಮೆಯವರೆಗೆ ಎಷ್ಟೋ ಜಾಹೀರಾತುಗಳಿಗೆ ಖರ್ಚಾಗುವುದು ಸಾರ್ವಜನಿಕ ಹಣ. ವರ್ಷಕ್ಕೆ ಅಂಥ ಹತ್ತನ್ನಾದರೂ, ಈ ಮೊದಲು ಒಂದೂ ಜಾಹೀರಾತು ವಾಹಿನಿಯಲ್ಲಿ ಪ್ರಸಾರವಾಗಿರದ ನಿರ್ದೇಶಕರಿಗೇ ಮೀಸಲಿಡಲಿ. ಅರ್ಜಿಯ ಜೊತೆ ಸಂಸ್ಥೆಯ ಮೊಹರನ್ನು ಕೇಳದೆ ಒಂದು ನಿಮಿಷದ ಚಿತ್ರವನ್ನು ಕೇಳಲಿ. ಫಲಕ, ಶಾಲು, ಹಾರ ಆಮೇಲೆ ಬಂದೀತು. ಖಾಸಗಿ ಪ್ರಶಸ್ತಿಗಳನ್ನು ನಡೆಸುವವರೂ ಪ್ರವೇಶ ಶುಲ್ಕವಿಲ್ಲದ ಒಂದೇ ಒಂದು ವಿಭಾಗ ತೆರೆದರೆ ಅವರ ಬೊಕ್ಕಸವೇನೂ ಬರಿದಾಗದು.

ಅಕ್ಕನ ಮಗ ಕೊನೆಗೂ ಅರ್ಜಿ ಕಳಿಸಲಿಲ್ಲ. ಶುಲ್ಕವನ್ನು ನಾನು ಕಟ್ಟುತ್ತೇನೆಂದರೂ, ‘ಏಜೆನ್ಸಿ ಪತ್ರಾನ ಯಾರು ಕೊಡ್ತಾರೆ ಮಾಮ?’ ಎಂದು ನಕ್ಕ. ಗಿರಣಿಯ ಯಜಮಾನರು ಆ ಜಾಹೀರಾತನ್ನು ದಾವಣಗೆರೆಯ ವ್ಯಾಪಾರಿಗಳಿಗೆಲ್ಲ ಮೊಬೈಲಿನಲ್ಲಿ ತೋರಿಸುತ್ತಿದ್ದಾರಂತೆ. ಸಂಭಾವನೆಯೆಂದು ಮನೆಗೆ ಒಂದು ಮೂಟೆ ಸೋನಾ ಮಸೂರಿ ಬಂದಿದೆ. ಮುಂದಿನ ಬೆಳೆಗೆ ಇನ್ನೊಂದು ಜಾಹೀರಾತು ಬೇಕೆಂದು ಹೇಳಿದ್ದಾರೆ. ಈ ಸಲ ನೀರಿಗಿಳಿಯುವುದಿಲ್ಲವೆಂದು ಅಕ್ಕನ ಅತ್ತೆ ಈಗಲೇ ಹೇಳಿಬಿಟ್ಟಿದ್ದಾರೆ.