ಆಮ್ಲಜನಕವೂ ರಕ್ತದ ಅಡ್ಡದಾರಿಯೂ

2021ನೆಯ ಇಸವಿಯ ಬೇಸಗೆಯಲ್ಲಿ ಬೆರಳಿಗೆ ಸಿಕ್ಕಿಸುವ ಆ ಚಿಕ್ಕ ಯಂತ್ರವನ್ನು ಕಾಣದ ಮನೆಗಳು ನಮ್ಮವರಲ್ಲಿ ವಿರಳವೆಂದೇ ಹೇಳಬೇಕು. ಆಮ್ಲಜನಕವನ್ನು ಕೊಟ್ಟ ಕೂಡಲೇ ಕೆಲವು ರೋಗಿಗಳಲ್ಲಿ ಅದರ ಅಂಕೆಯು ಏರಿತು. ಬೇರೆ ಕೆಲವರಲ್ಲಿ ಎಷ್ಟು ಕೊಟ್ಟರೂ ಏರಲಿಲ್ಲ. “ಇನ್ನೂ ಸ್ವಲ್ಪ ಹೆಚ್ಚಿಸಿರಿ” ಎಂದು ವೈದ್ಯರನ್ನು ಬೇಡಿಕೊಂಡ ತಾಯಂದಿರು ಈ ಪುಟವನ್ನು ಓದುವವರಲ್ಲಿಯೂ ಇರಬಹುದು. ಹೆಚ್ಚಿಸಿದರೂ ಫಲವೇಕೆ ಕಾಣಲಿಲ್ಲವೆಂಬುದನ್ನು ತಿಳಿಸಲು ಯತ್ನಿಸುವೆವು.

ನಮ್ಮ ಶ್ವಾಸಕೋಶಗಳಲ್ಲಿ ಕೋಟಿಗಟ್ಟಲೆ ಸೂಕ್ಷ್ಮವಾದ ವಾಯುಕೋಶಗಳುಂಟು. ವಿಶ್ರಾಂತಿಯಲ್ಲಿರುವವರ ಹೃದಯವು ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಅವುಗಳ ಸುತ್ತಲಿನ ನಾಳಗಳಲ್ಲಿ ಹಾಯಿಸುತ್ತದೆ. ನ್ಯುಮೋನಿಯ ಮುಂತಾದ ರೋಗಗಳಲ್ಲಿ ಕೆಲವು ಕೋಶಗಳು ದ್ರವದಿಂದ ತುಂಬುತ್ತವೆ, ಇಲ್ಲವೆ ಮುದುಡುತ್ತವೆ. ಗಾಳಿಯು ಅಲ್ಲಿಗೆ ಹೋಗದು. ರಕ್ತವಾದರೋ ಹೋಗುತ್ತಲೇ ಇರುತ್ತದೆ, ಬಂದಂತೆಯೇ ಕಪ್ಪಾಗಿ ಹೊರಟು ಶುದ್ಧರಕ್ತದೊಡನೆ ಬೆರೆಯುತ್ತದೆ. ಈ ಅಡ್ಡದಾರಿಯನ್ನು ವೈದ್ಯರು ‘ಷಂಟ್’ ಎನ್ನುವರು. ಆರೋಗ್ಯವಂತರಲ್ಲಿಯೂ ನೂರಕ್ಕೆ ಕೆಲವು ಪಾಲು ರಕ್ತವು ಹೀಗೆ ಹೋಗುವುದುಂಟು.

ಹಾಗಾದರೆ ಒಳ್ಳೆಯ ಕೋಶಗಳಿಗೆ ಹೆಚ್ಚು ಆಮ್ಲಜನಕವನ್ನು ಒದಗಿಸಿ ಈ ಕೊರತೆಯನ್ನು ತುಂಬಬಾರದೇ? ಬಾರದು, ಯಾಕಂದರೆ ಆ ರಕ್ತವು ಮೊದಲೇ ತುಂಬಿದ ಕೊಡ. ಉಸಿರಿನ ಆಮ್ಲಜನಕವನ್ನು ನೂರಕ್ಕೆ 21ರಿಂದ 100ಕ್ಕೆ ಏರಿಸಿದರೂ, 100 ಮಿಲಿಲೀಟರ್ ರಕ್ತವು ಹೊರುವ ಆಮ್ಲಜನಕವು ಸುಮಾರು 20ರಿಂದ 22 ಮಿಲಿಲೀಟರಿಗೆ ಏರುತ್ತದೆ, ಅಷ್ಟೇ. ಅಡ್ಡದಾರಿ ಕಿರಿದಾಗಿದ್ದರೆ ಆ ಎರಡು ಸಾಕು. ಅರ್ಧ ರಕ್ತವೇ ಅತ್ತ ಹರಿದರೆ ಅದು ಏತಕ್ಕೂ ಸಾಲದು.

ಆದುದರಿಂದ ಷಂಟ್ ಎಷ್ಟೆಂದು ಅಂದಾಜು ಮಾಡುವುದು ಅಗತ್ಯವಾಯಿತು. ಸರಿಯಾಗಿ ಅಳೆಯಬೇಕಾದರೆ ಹೃದಯದ ಮೂಲಕ ನಳಿಗೆಯನ್ನು ತೂರಿಸಿ ಶ್ವಾಸಕೋಶಕ್ಕೆ ಹೋಗುವ ರಕ್ತವನ್ನೂ ತೆಗೆಯಬೇಕು. ಎಲ್ಲ ರೋಗಿಗಳಿಗೂ ಇದನ್ನು ಮಾಡಲಾಗದು. 1973ರಲ್ಲಿ ಬೆನಾಟರ್, ಹ್ಯೂಲೆಟ್, ನನ್ ಎಂಬ ಮೂವರು ವೈದ್ಯರು ಒಂದು ಸುಲಭವಾದ ರೇಖಾಚಿತ್ರವನ್ನು ಪ್ರಕಟಿಸಿದರು. ಅಡ್ಡಕ್ಕೆ ಉಸಿರಿನ ಆಮ್ಲಜನಕದ ಪ್ರಮಾಣ, ಉದ್ದಕ್ಕೆ ಶುದ್ಧರಕ್ತದಲ್ಲಿ ಅದರ ಒತ್ತಡ. ನಡುವೆ ಒಂದೊಂದು ಷಂಟಿಗೂ ಒಂದೊಂದು ರೇಖೆ. ಮಣಿಕಟ್ಟಿನ ನಾಡಿಯಿಂದ ರಕ್ತ ತೆಗೆದು ಪರೀಕ್ಷಿಸಿ ರೋಗಿಯ ಬಿಂದುವನ್ನು ಗುರುತಿಸಿದರೆ, ಅವನು ಯಾವ ರೇಖೆಯ ಮೇಲಿದ್ದಾನೆಂಬುದೂ, ಬೇಕಾದ ಒತ್ತಡಕ್ಕೆ ಎಷ್ಟು ಆಮ್ಲಜನಕ ಸಾಕೆಂಬುದೂ ತಿಳಿಯುವುದು. ನೂರಕ್ಕೆ 10ರ ರೇಖೆಯು ಕಡಿದಾಗಿ ಏರುತ್ತದೆ; 50ರ ರೇಖೆಯು ನೆಲಕ್ಕಂಟಿದಂತೆ ಹರಿಯುತ್ತದೆ. ರಕ್ತಹೀನತೆಯೋ ಹೃದಯದ ದುರ್ಬಲತೆಯೋ ಇದ್ದರೆ ಈ ಅಂದಾಜು ತಪ್ಪುವುದುಂಟು. ನಮ್ಮ ಸ್ತ್ರೀಯರಲ್ಲಿ ರಕ್ತಹೀನತೆ ಅಪರೂಪವಲ್ಲವಾದುದರಿಂದ ಇದನ್ನು ಮರೆಯಲಾಗದು.

ರೇಖೆಯು ಚಪ್ಪಟೆಯಾಗಿದ್ದರೆ ಮುಚ್ಚಿದ ಕೋಶಗಳನ್ನು ತೆರೆಯುವುದೇ ಮುಖ್ಯವಾದ ಚಿಕಿತ್ಸೆ. ಅತಿಯಾದ ಆಮ್ಲಜನಕವು ಬಹುಕಾಲ ನಡೆದರೆ ಶ್ವಾಸಕೋಶವನ್ನೇ ನೋಯಿಸುತ್ತದೆ. ಯಂತ್ರದ ಒತ್ತಡದಿಂದ ಕೋಶಗಳನ್ನು ಹಿಗ್ಗಿಸಿ ಇಡುವರು, ಇಲ್ಲವೆ ರೋಗಿಯನ್ನು ಬೋರಲಾಗಿ ಮಲಗಿಸುವರು. ಹಾಗೆ ಮಲಗಿಸಿದ್ದನ್ನು ಕಂಡು ಬೆದರಿ ಅತ್ತವರನ್ನು ನಾವು ಬಲ್ಲೆವು. ಆದರೆ ಯಂತ್ರದಿಂದ ಉಸಿರಾಡುವ ಕಠಿನರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಫ್ರೆಂಚರ ಒಂದು ಪರೀಕ್ಷೆಯಲ್ಲಿ, ಅಂಗಾತ ಮಲಗಿಸಿದವರಲ್ಲಿ 28 ದಿನಗಳೊಳಗೆ ನೂರಕ್ಕೆ ಸುಮಾರು 33 ಮಂದಿ ತೀರಿಕೊಂಡರೆ, ದಿನಕ್ಕೆ 16 ತಾಸಿನಷ್ಟು ಬೋರಲಾಗಿ ಮಲಗಿಸಿದವರಲ್ಲಿ 16 ಮಂದಿ ಮಾತ್ರ ತೀರಿಕೊಂಡರು.

ಕೋಶಗಳು ತೆರೆದ ಮೇಲೆ ಮತ್ತೆ ರಕ್ತವನ್ನು ಪರೀಕ್ಷಿಸುವರು. ಬಿಂದುವು ಮೇಲಿನ ರೇಖೆಗೆ ಏರಿದ್ದರೆ, ದಾದಿಯು ಆಮ್ಲಜನಕದ ಗುಂಡಿಯನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸುತ್ತಾಳೆ.